ಎದೆ ಡವಡವ ಅಂದರೆ ಮೊದಲು ಇಸಿಜಿ, ಆಮೇಲೆ ಪ್ರಾಣಾಯಾಮ

ಹೊಳೆನರಸೀಪುರದಿಂದ ಹಾಸನಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ಮಾತಿಗೆ ಎಂದೂ ಬರವಿಲ್ಲ. ಆಲೂಗಡ್ಡೆ ರೇಟು, ಶುಂಠಿ ರೇಟು, ಹೇಮಾವತಿ ನೀರು, ಯಾರು ಯಾವ ಪಕ್ಷಕ್ಕೆ ಹಾರಿದರು, ಹೀಗೆ ದಿನಕ್ಕೊಂದು. ಆದರೆ 2025ರ ಜೂನ್ ಕೊನೆ, ಜುಲೈ ಮೊದಲ ವಾರದಲ್ಲಿ ಮಾತ್ರ ಇದ್ದದ್ದು ಒಂದೇ ವಿಷಯ. 'ಇವತ್ತು ಯಾರಂತೆ?' 'ಅರಕಲಗೂಡು ಕಡೆಯೋನಂತೆ ಕಣಣ್ಣ, ಇನ್ನೂ ಹುಡುಗ. ಎದೆ ಹಿಡ್ಕಂಡು ಕೂತ್ನಂತೆ, ಅಷ್ಟೆ.' ಇಷ್ಟು ಹೇಳಿದವನು ತನಗೆ ಗೊತ್ತಿಲ್ಲದೆಯೇ ಎಡಗೈಯಿಂದ ತನ್ನ ಎದೆಯನ್ನೊಮ್ಮೆ ಸವರಿಕೊಳ್ಳುತ್ತಿದ್ದ. ಕೇಳಿದವನೂ ಸವರಿಕೊಳ್ಳುತ್ತಿದ್ದ.

ಆ ದಿನಗಳನ್ನು ಹಾಸನ ಜಿಲ್ಲೆ ಮರೆಯುವಂತಿಲ್ಲ. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂದು ಸುದ್ದಿ ಬಂತು. ಅದರಲ್ಲಿ ನಲವತ್ತು ದಾಟದವರಿದ್ದರು. ಆಟೋ, ಕಾರು ಓಡಿಸುವವರಿದ್ದರು. ದಿನ ಬೆಳಗಾದರೆ ಟೀವಿಯಲ್ಲಿ ಇನ್ನೊಂದು ಅಂಕಿ ಸೇರುತ್ತಿತ್ತು, ಕ್ರಿಕೆಟ್ ಸ್ಕೋರು ಏರಿದಂತೆ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮೊದಲೇ ಕ್ಯೂ ನಿಂತಿತು. ಆ ಕ್ಯೂನಲ್ಲಿ ಕಾಯಿಲೆಯವರು ಎಷ್ಟಿದ್ದರೋ, ಕಾಯಿಲೆ ಬಂದಿರಬಹುದೆಂದು ಹೆದರಿ ಬಂದವರೂ ಅಷ್ಟೇ ಇದ್ದರು. ಸುಮ್ಮಸುಮ್ಮನೆ ಬರಬೇಡಿ, ನಿಜವಾದ ರೋಗಿಗಳಿಗೆ ತೊಂದರೆಯಾಗುತ್ತದೆ ಎಂದು ವೈದ್ಯರೇ ಕೈಮುಗಿದು ಹೇಳುವ ಹಾಗಾಯಿತು.

ಭಯಕ್ಕೆ ಕಾರಣ ಬೇಕಲ್ಲ? ಒಬ್ಬರು ಕೋಳಿ ಎಂದರು, ಒಬ್ಬರು ಅಡುಗೆ ಎಣ್ಣೆ ಎಂದರು, ಬಹಳ ಜನ ಕೋವಿಡ್ ಲಸಿಕೆ ಎಂದರು. ಲಸಿಕೆಗೆ ತರಾತುರಿಯಲ್ಲಿ ಒಪ್ಪಿಗೆ ಕೊಟ್ಟದ್ದೂ ಒಂದು ಕಾರಣವಿರಬಹುದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಜುಲೈ 1ರಂದು ಬರೆದರು. ಮರುದಿನವೇ ಕೇಂದ್ರ ಆರೋಗ್ಯ ಇಲಾಖೆ, ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು, ಅಂಥ ಸಂಬಂಧವೇನೂ ಇಲ್ಲ ಎಂದಿತು. ದೊಡ್ಡವರ ಈ ಜಗಳದಲ್ಲಿ ಬಸ್ ಸ್ಟ್ಯಾಂಡಿನ ಮನುಷ್ಯನಿಗೆ ಸಿಕ್ಕಿದ್ದು ಇನ್ನಷ್ಟು ಭಯ.

ವರದಿ ಬಂತು, ಭಯ ಹೋಗಲಿಲ್ಲ

ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಅದೇ ಜುಲೈನಲ್ಲಿ ವರದಿ ಕೊಟ್ಟಿತು. ಹಾಸನದಲ್ಲಿ ಹೃದಯಾಘಾತದ ಸಾವುಗಳು ಅಸಹಜವಾಗಿ ಏರಿಲ್ಲ. ಎಣಿಕೆಗೆ ಹಿಡಿದಿದ್ದ ಸಾವುಗಳಲ್ಲಿ ಕೆಲವು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಲಸಿಕೆಗೂ ಇದಕ್ಕೂ ನಂಟು ಕಾಣಲಿಲ್ಲ. ಉಳಿದದ್ದೆಲ್ಲ ಹಳೆಯ ಶತ್ರುಗಳೇ: ಬೀಡಿ ಸಿಗರೇಟು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಮನೆತನದಲ್ಲೇ ಬಂದ ಹೃದ್ರೋಗ. ಆಸ್ಪತ್ರೆಯ ಹೊರಗೆ ಹಠಾತ್ತಾಗಿ ಸತ್ತವರ ಮರಣೋತ್ತರ ಪರೀಕ್ಷೆ ಮಾಡಿಸಬೇಕು, ಇಂಥ ಸಾವುಗಳನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯವಾಗಬೇಕು ಎಂಬ ತೀರ್ಮಾನಗಳೂ ಆಗ ಆದವು.

ಸರಿ, ಅಂಕಿ ಅಂಶ ಸಮಾಧಾನ ಹೇಳಿತು. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಎದೆ ಡವಡವ ಅನ್ನುವವನ ಪಕ್ಕದಲ್ಲಿ ವರದಿ ಬಂದು ಕೂರುವುದಿಲ್ಲ. ಆ ಡವಡವ ಸುಳ್ಳೂ ಅಲ್ಲ. ಭಯವಾದಾಗ ಮೈಯಲ್ಲಿ ಅಡ್ರಿನಲಿನ್ ಎಂಬ ರಸ ಏರುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ಮೇಲಿಂದ ಮೇಲೆ ಬರುತ್ತದೆ. ಹಾಗೆ ಏದುಸಿರು ಬಿಡುತ್ತಿದ್ದರೆ ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ಸುತ್ತುತ್ತದೆ, ಎದೆ ಬಿಗಿಯುತ್ತದೆ. 'ಅಯ್ಯೋ, ಬಂದೇ ಬಿಡ್ತು' ಎಂದು ಮನುಷ್ಯ ಇನ್ನಷ್ಟು ಹೆದರುತ್ತಾನೆ. ಹೆದರಿಕೆಗೆ ಹೃದಯ ಇನ್ನೂ ಜೋರು. ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತು. ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ನೆತ್ತಿಗೇರಿ, ಮೆಲ್ಲಗೆ ಇಳಿಯುತ್ತದೆ. ಇದರಿಂದಲೇ ಯಾರೂ ಸಾಯುವುದಿಲ್ಲ. ಆದರೆ ಅನುಭವಿಸುವವನಿಗೆ ಸತ್ತು ಬದುಕಿದಂತೆ.

ಇದರ ಮೇಲೆ ನಿತ್ಯದ ಜಂಜಾಟ ಬೇರೆ. ಚೀಟಿ ಕಟ್ಟಬೇಕು, ಕೈಸಾಲದ ಬಡ್ಡಿ ಕೊಡಬೇಕು, ಮಗಳ ಕಾಲೇಜು ಫೀಜು, ಎದುರಿಗೆ ತೆರೆದ ದೊಡ್ಡ ಅಂಗಡಿ. ಅದೇ 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದದ್ದೂ ನೆನಪಿರಬಹುದು. ಕಾಂಡಿಮೆಂಟ್ಸ್ ಅಂಗಡಿಯವನು ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುತ್ತಾನೆ. ನಡುವೆ ಊಟಕ್ಕೆ ಹೊತ್ತಿಲ್ಲ, ಕಾಫಿಗೆ ಲೆಕ್ಕವಿಲ್ಲ. ಅರಕಲಗೂಡಿನ ತಂಬಾಕು ಬೆಳೆಗಾರ ರಾಮನಾಥಪುರದ ಹರಾಜು ಕಟ್ಟೆಯ ರೇಟು ನೆನೆದು ನಿದ್ದೆ ಕೆಡುತ್ತಾನೆ, ಚನ್ನರಾಯಪಟ್ಟಣದವನಿಗೆ ತೆಂಗಿನ ಚಿಂತೆ. ಹೆಂಗಸರ ಆತಂಕವನ್ನಂತೂ ಮನೆಯಲ್ಲಿ ಯಾರೂ ಕಾಯಿಲೆ ಎಂದು ಎಣಿಸುವುದೇ ಇಲ್ಲ. 'ಅವಳದ್ದು ಇದ್ದದ್ದೇ ಬಿಡಿ' ಎಂದರೆ ಮುಗಿಯಿತು.

'ಯೋಗ ಮಾಡಿ ಸಾರ್, ಎಲ್ಲ ಸರಿಹೋಗುತ್ತೆ' ಎಂಬ ಮಾತು ಆಗಿನಿಂದ ಜಿಲ್ಲೆಯಲ್ಲಿ ಅಗ್ಗವಾಗಿ ಓಡಾಡುತ್ತಿದೆ. ಎಷ್ಟು ಸರಿಹೋಗುತ್ತದೆ, ಯಾವುದು ಸರಿಹೋಗುವುದಿಲ್ಲ ಎಂದು ಬಿಡಿಸಿ ಹೇಳುವವರು ಕಡಿಮೆ.

ಕೌಶಿಕದ ಹುಡುಗ

ತಮಾಷೆ ನೋಡಿ, ಯೋಗ ಕಲಿಯಲು ಯಾವ ಊರಿನವರಾದರೂ ಹೊರಗೆ ಹೋಗಬೇಕಾದೀತು, ಹಾಸನದವರಿಗೆ ಅದು ಮನೆಯಂಗಳದ ವಿದ್ಯೆ. ಇಂದು ನ್ಯೂಯಾರ್ಕಿನಿಂದ ಟೋಕಿಯೋವರೆಗೆ ಬೆವರು ಸುರಿಸಿ ಮಾಡುವ 'ಅಷ್ಟಾಂಗ ವಿನ್ಯಾಸ ಯೋಗ'ವನ್ನು ಜಗತ್ತಿಗೆ ಹಬ್ಬಿಸಿದ ಕೆ. ಪಟ್ಟಾಭಿ ಜೋಯಿಸರು ಹುಟ್ಟಿದ್ದು 1915ರಲ್ಲಿ, ಹಾಸನದ ಪಕ್ಕದ ಕೌಶಿಕ ಗ್ರಾಮದಲ್ಲಿ. ಪುರೋಹಿತರ ಮನೆ ಹುಡುಗ. ಹಾಸನದಲ್ಲಿ ಓದುತ್ತಿದ್ದಾಗ, 1927ರಲ್ಲಿ, ಊರಿನ ಜ್ಯುಬಿಲಿ ಹಾಲಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗ ಪ್ರದರ್ಶನ ನೋಡಿದ. ಆಗ ವಯಸ್ಸು ಹನ್ನೆರಡು. ಮಾರನೆಯ ದಿನವೇ ಹೋಗಿ ಶಿಷ್ಯನಾದ. ಮನೆಯವರಿಗೆ ಸುದ್ದಿ ಕೊಡದೆ ಎರಡು ವರ್ಷ ಕಲಿತ. 1930ರಲ್ಲಿ ಎರಡು ರೂಪಾಯಿ ಜೇಬಿಗಿಟ್ಟುಕೊಂಡು ಮೈಸೂರಿಗೆ ಓಡಿಹೋದ, ಸಂಸ್ಕೃತ ಓದಲು. ಕೃಷ್ಣಮಾಚಾರ್ಯರು ಮುಂದೆ ಮೈಸೂರು ಅರಮನೆಯ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಜೋಯಿಸರು ಸಂಸ್ಕೃತ ಪಾಠಶಾಲೆಯಲ್ಲಿ ಯೋಗ ಕಲಿಸಿದರು, 1948ರಲ್ಲಿ ಮೈಸೂರಿನಲ್ಲೇ ತಮ್ಮ ಸಂಸ್ಥೆ ಕಟ್ಟಿದರು. ವಿದೇಶಿಯರು ಹುಡುಕಿಕೊಂಡು ಬಂದರು. 2009ರಲ್ಲಿ ತೀರಿಕೊಂಡರು.

ಕೀರ್ತಿಯ ಜೊತೆ ಕಪ್ಪು ಚುಕ್ಕೆಯೂ ಉಂಟು. ಆಸನ ತಿದ್ದುವಾಗ ಅನುಚಿತವಾಗಿ ಮುಟ್ಟುತ್ತಿದ್ದರೆಂದು ಹಲವು ಶಿಷ್ಯೆಯರು ದೂರಿದರು. ಗದ್ದಿಗೆಗೆ ಬಂದಿದ್ದ ಮೊಮ್ಮಗ ಶರತ್ ಜೋಯಿಸ್ 2019ರಲ್ಲಿ ಅದನ್ನು ಒಪ್ಪಿ ವಿಷಾದ ಹೇಳಿದರು. ಹೆಣ್ಣುಮಕ್ಕಳನ್ನು ಯೋಗ ತರಗತಿಗೆ ಸೇರಿಸುವವರು ಇಷ್ಟು ತಿಳಿದಿರಲಿ. ಗುರು ಎಂದ ಮಾತ್ರಕ್ಕೆ ಪ್ರಶ್ನೆ ಕೇಳಬಾರದೆಂದಿಲ್ಲ.

ಈ ಕತೆಗೆ ಇನ್ನೊಂದು ಕೊನೆಯಿದೆ, ಹಾಸನದವರು ಗಮನಿಸಬೇಕಾದ್ದು. ಎಳೆಯ ವಯಸ್ಸಿನಿಂದ ಆಸನ, ಉಸಿರು, ಶಿಸ್ತು ಬಿಡದೆ ನಡೆಸಿದ ಅದೇ ಶರತ್ ಜೋಯಿಸ್, 2024ರ ನವೆಂಬರ್ 11ರಂದು ಅಮೆರಿಕದ ವರ್ಜೀನಿಯಾದಲ್ಲಿ ಗುಡ್ಡದ ದಾರಿಯಲ್ಲಿ ನಡೆಯುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಜಗತ್ತಿನಲ್ಲಿ ಅವರಷ್ಟು ಆಸನ ಹಾಕಿದವರು ಎಷ್ಟು ಮಂದಿ ಇದ್ದಾರು? 'ಹಾಗಾದ್ರೆ ಯೋಗ ಮಾಡಿ ಏನು ಪ್ರಯೋಜನ?' ಎಂದು ಕೇಳುವವರಿದ್ದಾರೆ. 2021ರಲ್ಲಿ 46ರ ವಯಸ್ಸಿಗೇ ಪುನೀತ್ ರಾಜ್‌ಕುಮಾರ್ ಹೋದಾಗಲೂ ಜಿಮ್ಮಿನ ಬಗ್ಗೆ ಇದೇ ಪ್ರಶ್ನೆ ಎದ್ದಿತ್ತು. ಪ್ರಶ್ನೆಯೇ ಅಡ್ಡದಾರಿಯದು. ಆಸನ ಹಾಕುವ ಮೈಯಲ್ಲೂ ರಕ್ತನಾಳ ಕಟ್ಟಿಕೊಳ್ಳಬಹುದು. ಯೋಗ ಹೃದಯಕ್ಕೆ ಕಟ್ಟಿದ ತಾಯತವಲ್ಲ. ಅದರ ಕೆಲಸ ಬೇರೆ.

ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಈ ಬೇರೆ ಕೆಲಸವನ್ನು ಅಳೆದು ನೋಡಿದವರಿದ್ದಾರೆ. ಅತಿಯಾದ ಆತಂಕದ ಕಾಯಿಲೆಯಿದ್ದ 226 ಮಂದಿಯನ್ನು ಅಮೆರಿಕದಲ್ಲಿ ಮೂರು ಗುಂಪು ಮಾಡಿ ಹನ್ನೆರಡು ವಾರ ನೋಡಿದರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಯೋಗ ಮಾಡಿದವರಲ್ಲಿ ನೂರಕ್ಕೆ 54 ಮಂದಿಗೆ ಗುಣ ಕಂಡಿತು. ಒತ್ತಡದ ಬಗ್ಗೆ ಬರೀ ತಿಳಿವಳಿಕೆ ಕೊಟ್ಟ ಗುಂಪಿನಲ್ಲಿ 33. ಆದರೆ ತಜ್ಞರು ಕೂತು ಮಾತಾಡಿಸಿ, ಯೋಚನೆಯ ದಾರಿ ತಿದ್ದುವ ಚಿಕಿತ್ಸೆ ಪಡೆದವರಲ್ಲಿ 71. ಅಂದರೆ ಯೋಗ ನಿಜಕ್ಕೂ ಉಪಯೋಗ, ಆದರೆ ಎಲ್ಲಕ್ಕಿಂತ ಮೇಲಲ್ಲ. 2022ರಲ್ಲಿ ಬಂದ ಇನ್ನೊಂದು ಪ್ರಯೋಗದಲ್ಲಿ, ಎಂಟು ವಾರ ಧ್ಯಾನ ಕಲಿತವರಿಗೆ ಆತಂಕಕ್ಕೆ ಕೊಡುವ ಒಂದು ಹೆಸರಾಂತ ಮಾತ್ರೆಯಿಂದ ಆಗುವಷ್ಟೇ ಪ್ರಯೋಜನವಾಯಿತು. ಅವರು ತರಗತಿಗೂ ಹೋದರು, ದಿನಾ ಮನೆಯಲ್ಲೂ ಕೂತರು ಎಂಬುದನ್ನು ಮರೆಯಬಾರದು. ವರ್ಷಕ್ಕೊಮ್ಮೆ ಜೂನ್ 21ರಂದು ಚಾಪೆ ಹಾಸಿ, ಫೋಟೋ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಎದ್ದವರ ಲೆಕ್ಕ ಅಲ್ಲಿಲ್ಲ!

ಹೃದಯದ ವಿಷಯಕ್ಕೇ ಬಂದರೆ, ನಮ್ಮ ದೇಶದಲ್ಲೇ ದೊಡ್ಡ ಪರೀಕ್ಷೆ ನಡೆದಿದೆ. ಹೃದಯಾಘಾತವಾಗಿ ಬದುಕುಳಿದ ಸುಮಾರು ನಾಲ್ಕು ಸಾವಿರ ಮಂದಿಯನ್ನು 24 ಆಸ್ಪತ್ರೆಗಳಲ್ಲಿ ಗಮನಿಸಿ 2020ರಲ್ಲಿ ವರದಿ ಮಾಡಿದರು. ಯೋಗ ಮಾಡಿದವರಿಗೆ ಮೈಮನಸ್ಸು ಹಗುರವೆನಿಸಿತು, ಮೊದಲಿನ ಕೆಲಸ ಕಾರ್ಯಕ್ಕೆ ಚೆನ್ನಾಗಿ ಮರಳಿದರು. ಆದರೆ ಮತ್ತೆ ಹೃದಯಾಘಾತ, ಸಾವು ಇವುಗಳು ಯೋಗದಿಂದ ಕಡಿಮೆಯಾದವೆಂದು ಖಚಿತವಾಗಿ ಹೇಳಲು ಆಗಲಿಲ್ಲ. ಅವರೆಲ್ಲ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಲೇ ಯೋಗ ಮಾಡಿದವರು. ನಾಲ್ಕು ದಿನ ಪ್ರಾಣಾಯಾಮ ಮಾಡಿ ಬಿ.ಪಿ. ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯುವ ವೀರರು ಇದನ್ನು ಎರಡು ಸಲ ಓದಬೇಕು.

ಗಲ್ಲಾದ ಮುಂದೆ, ಬಸ್ಸಿನ ಸೀಟಿನಲ್ಲಿ

ಅಂಗಡಿ ಬಿಟ್ಟು ಕದಲಲಾಗದವರು ಏನು ಮಾಡಬೇಕು? ಶೀರ್ಷಾಸನ ಬೇಡ, ರೇಷ್ಮೆ ಪಂಚೆಯೂ ಬೇಡ. ಉಸಿರು ಸಾಕು. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತಾನೆ. ಹೆದರಿದಾಗ ಅದು ಇನ್ನೂ ಏರುತ್ತದೆ. ಅದನ್ನು ಆರಕ್ಕೆ ಇಳಿಸುವುದು ಉಪಾಯ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹತ್ತು ಸೆಕೆಂಡಿಗೆ ಒಂದು ಉಸಿರು, ನಿಮಿಷಕ್ಕೆ ಆರು. ಎದೆ ಉಬ್ಬಿಸುವುದಲ್ಲ, ಹೊಟ್ಟೆ ಮೆಲ್ಲಗೆ ಮುಂದೆ ಬರಬೇಕು. ಉಸಿರು ಹೊರಗೆ ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ಮೈಯ ಸ್ವಭಾವ. ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರ ಆ ಕೆಲಸ ಮಾಡುತ್ತದೆ. ಅದಕ್ಕೇ ಬಿಡುವ ಉಸಿರು ಉದ್ದವಿರಬೇಕು ಎನ್ನುವುದು. ದಿನಾ ಎರಡು ಸಲ, ಐದೈದು ನಿಮಿಷ. ಗಿರಾಕಿಗಳಿಲ್ಲದ ಮಧ್ಯಾಹ್ನದ ಮೂರು ಗಂಟೆ ಅಂಗಡಿಯವರಿಗೆ ದೇವರು ಕೊಟ್ಟ ಹೊತ್ತು. ಫೋನು ಮಾತ್ರ ಗಲ್ಲಾದೊಳಗೆ ಹೋಗಬೇಕು.

ಬಸ್ಸಿನವರಿಗೆ ಇನ್ನೂ ಅನುಕೂಲ. ಹೊಳೆನರಸೀಪುರವಿರಲಿ, ಅರಕಲಗೂಡಿರಲಿ, ಚನ್ನರಾಯಪಟ್ಟಣವಿರಲಿ, ಹಾಸನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ದಾರಿ. ಅದರಲ್ಲಿ ಹತ್ತು ನಿಮಿಷ ರೀಲ್ಸ್ ನೋಡದಿದ್ದರೆ ಲೋಕವೇನೂ ಮುಳುಗದು. ಸೀಟು ಸಿಕ್ಕದವರು ಬೇಸರಪಡಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸಾವಿರ ವರ್ಷಕ್ಕೂ ಹಿಂದೆ, 981ರ ಸುಮಾರಿಗೆ, ನಿಂತ ಬಾಹುಬಲಿ ಇನ್ನೂ ಕೂತಿಲ್ಲ. ಆ ನಿಲುವಿನ ಹೆಸರೇ ಕಾಯೋತ್ಸರ್ಗ, ಅಂದರೆ ಮೈಯ ಹಂಗನ್ನು ಬಿಡುವುದು. ಭುಜ ಇಳಿಬಿಟ್ಟು, ಕೈ ಸಡಿಲ ಬಿಟ್ಟು, ನೆಟ್ಟಗೆ ನಿಂತಿರುವುದು. ಬಳ್ಳಿ ತೋಳಿಗೆ ಹಬ್ಬಿದರೂ ಹಣೆಯಲ್ಲಿ ಗಂಟಿಲ್ಲ. ಬೆಟ್ಟ ಹತ್ತಿ ಕೈಮುಗಿದು ಇಳಿಯುವವರಲ್ಲಿ ಎಷ್ಟು ಜನ ಆ ಭುಜಗಳನ್ನು ನೋಡಿ ತಮ್ಮ ಭುಜ ಇಳಿಸಿದ್ದಾರೋ! ಬಸ್ಸಿನಲ್ಲಿ ಒಂದು ಕೈ ಕಂಬಿಗೆ ಬೇಕು, ಅದು ಬಿಡುವಂತಿಲ್ಲ. ಉಳಿದದ್ದನ್ನು ಸಡಿಲಿಸಬಹುದು.

ಧ್ಯಾನದ ಮಾತು ಬಂದಾಗ ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಬಿಡಲಾಗದು. 1920ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1937ರಲ್ಲಿ ಹೇಮಾವತಿ ದಡಕ್ಕೆ ಬಂದ ಸಂಸ್ಥೆ ಅದು. ಶಂಕರರ ಭಾಷ್ಯಗಳನ್ನು ಕನ್ನಡದ ಮನೆಮನೆಗೆ ತಲುಪಿಸಿದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು 1975ರವರೆಗೆ ಬದುಕಿದ್ದರು. ಅಂಥ ಕಡೆ ಧ್ಯಾನವೆಂದರೆ ತನ್ನನ್ನು ತಾನು ತಿಳಿಯುವ ವಿಚಾರ, ಬಿ.ಪಿ. ಇಳಿಸುವ ಕಷಾಯವಲ್ಲ. ಎರಡನ್ನೂ ಕಲಸಿ ಪ್ಯಾಕೆಟ್ಟು ಮಾಡಿ 'ಸ್ಟ್ರೆಸ್ ಮ್ಯಾನೇಜ್‌ಮೆಂಟ್' ಎಂದು ಸಾವಿರಗಟ್ಟಲೆ ಫೀಜು ಕೇಳುವವರು ಈಗ ಬೇಕಾದಷ್ಟಿದ್ದಾರೆ. ಉಸಿರು ಎಣಿಸುವುದಕ್ಕೆ ಫೀಜು ಕೊಡುವ ಅಗತ್ಯವಿಲ್ಲ. ಆಸನ ಕಲಿಯಲು ಮಾತ್ರ ಬಲ್ಲವರು ಬೇಕು, ಪುಸ್ತಕ, ಯೂಟ್ಯೂಬು ನೋಡಿ ಕತ್ತು ಉಳುಕಿಸಿಕೊಂಡವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಬಿ.ಪಿ. ಅಥವಾ ಹೃದಯದ ತೊಂದರೆ ಇರುವವರಿಗೆ ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟಿ ಹಿಡಿಯುವ ಕುಂಭಕ, ತಲೆಕೆಳಗಾಗಿ ನಿಲ್ಲುವುದು ಇವು ವೈದ್ಯರನ್ನು ಕೇಳದೆ ಸಲ್ಲದು. ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ಆತಂಕ ಹೆಚ್ಚುವುದೂ ಉಂಟು. ಅಂಥವರು ಕಣ್ಣು ಬಿಟ್ಟುಕೊಂಡೇ ಉಸಿರು ಎಣಿಸಲಿ, ಇಲ್ಲವೇ ಮೌನವಾಗಿ ನಡೆಯಲಿ. ಎದ್ದು ಬಂದರೆ ದೋಷವಿಲ್ಲ.

ಗೆರೆ ಎಲ್ಲಿ?

ಈಗ ಅಸಲು ಮಾತು. ಎದೆಯಲ್ಲಿ ಕಲ್ಲಿಟ್ಟಂತೆ ಭಾರ, ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವ ನೋವು, ತಣ್ಣನೆಯ ಬೆವರು, ಉಸಿರು ಹಿಡಿದಂತಾಗುವುದು, ಇವು ಕಂಡರೆ ಪ್ರಾಣಾಯಾಮಕ್ಕೆ ಕೂರುವ ಹೊತ್ತಲ್ಲ. 'ಗ್ಯಾಸ್ಟ್ರಿಕ್ ಇರ್ಬೇಕು' ಎಂದು ಸೋಡಾ ಕುಡಿದು ಮಲಗುವ ಹೊತ್ತೂ ಅಲ್ಲ. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಬೆವರು ಬರಬಹುದು. ಇದು ಭಯವೋ ಹೃದಯವೋ ಎಂದು ಮನೆಯಲ್ಲಿ ಕೂತು ಯಾರೂ ತೀರ್ಮಾನಿಸಲಾರರು, ಇಸಿಜಿ ಯಂತ್ರ ಬೇಕು. ಅದಕ್ಕೆ ಮೈಸೂರಿಗೇ ಓಡಬೇಕಿಲ್ಲ. 2023ರಲ್ಲಿ ಸರ್ಕಾರ ಶುರುಮಾಡಿದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ಉದ್ದೇಶವೇ ಅದು: ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ಹೃದಯ ತಜ್ಞರಿಗೆ ಕೂತಲ್ಲಿಗೇ ಕಳಿಸಿ, ಹೃದಯಾಘಾತವೆಂದು ಗೊತ್ತಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು. ಹೊರಗೆ ಅದಕ್ಕೆ ಸಾವಿರಾರು ರೂಪಾಯಿ. ಮೊದಲ ಒಂದು ಗಂಟೆಯೊಳಗೆ ತಲುಪಿದವನಿಗೆ ಸಿಗುವ ಲಾಭ ಆರು ಗಂಟೆ ಕಾದವನಿಗೆ ಸಿಗದು. 108ಕ್ಕೆ ಫೋನು ಮಾಡಬೇಕು, ತಾನೇ ಬೈಕು ಓಡಿಸಿಕೊಂಡು ಹೋಗಬಾರದು.

ಇಸಿಜಿ ಸರಿಯಿದೆ, ರಕ್ತ ಪರೀಕ್ಷೆ ಸರಿಯಿದೆ, ವೈದ್ಯರು 'ಏನೂ ಇಲ್ಲ ಹೋಗಪ್ಪ' ಎಂದರು. ಆದರೂ ವಾರಕ್ಕೆ ಮೂರು ಸಲ ಎದೆ ಡವಗುಟ್ಟುತ್ತದೆ, ಬಸ್ಸು ಹತ್ತಲು ಭಯ, ಒಂಟಿಯಾಗಿ ಮಲಗಲು ಭಯ. ಇವರ ಗತಿ ಏನು? ಇವರನ್ನೇ ಹಾಸನ ಇನ್ನೂ ಸರಿಯಾಗಿ ಎಣಿಸಿಲ್ಲ. 'ಏನೂ ಇಲ್ಲ' ಎಂಬ ಮಾತು ಹೃದಯಕ್ಕೆ ಮಾತ್ರ ಸಲ್ಲುತ್ತದೆ. ಆತಂಕವೂ ಕಾಯಿಲೆ, ಅದಕ್ಕೂ ಮದ್ದುಂಟು. ಉಸಿರಿನ ಅಭ್ಯಾಸ, ಧ್ಯಾನ, ನಡಿಗೆ, ಕಾಫಿ ಬೀಡಿಗೆ ಕತ್ತರಿ ಇವುಗಳಿಂದಲೇ ಬಹಳ ಮಂದಿ ಸುಧಾರಿಸುತ್ತಾರೆ. ಒಂದು ತಿಂಗಳು ಬಿಡದೆ ಮಾಡಿಯೂ ನಿದ್ದೆ, ಊಟ, ವ್ಯಾಪಾರ ಕೆಡುತ್ತಲೇ ಇದ್ದರೆ ಮನೋವೈದ್ಯರ ಹತ್ತಿರ ಹೋಗಬೇಕು, ಅಷ್ಟೆ. ಹಾಸನದ ಹಿಮ್ಸ್ ಆಸ್ಪತ್ರೆಯ ಮನೋವೈದ್ಯರ ಕೋಣೆಯ ಮುಂದೆ ಪರಿಚಯದವರು ಕಂಡರೆ ಮುಖ ಮುಚ್ಚಿಕೊಳ್ಳುವುದೇಕೆ? ಅವರೂ ಅಲ್ಲಿಗೇ ಬಂದವರಲ್ಲವೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾತ್ರೆಯ ಜೊತೆಗೆ ಯೋಗವನ್ನೂ ಚಿಕಿತ್ಸೆಯಾಗಿ ಕೊಡುತ್ತಾರೆ, ಒಂದನ್ನು ಬಿಟ್ಟು ಒಂದನ್ನು ಹಿಡಿ ಎಂದು ಯಾರೂ ಹೇಳುವುದಿಲ್ಲ.

ಆಸ್ಪತ್ರೆಯವರೆಗೆ ಹೋಗಲು ಮುಜುಗರವೆನಿಸಿದರೆ 14416ಕ್ಕೆ ಫೋನು ಮಾಡಬಹುದು. ಟೆಲಿ ಮಾನಸ್ ಎಂದು ಅದರ ಹೆಸರು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ್ದು. ಹಗಲು ರಾತ್ರಿ ಯಾವಾಗಲಾದರೂ ಸರಿ, ಕಾಸು ಬೇಡ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಎಚ್ಚರವಾಗುವವರು ಈ ನಂಬರನ್ನು ಹಾಲಿನವನ, ಗ್ಯಾಸಿನವನ ನಂಬರಿನ ಪಕ್ಕ ಗೋಡೆ ಮೇಲೆ ಬರೆದಿಟ್ಟುಕೊಂಡರೆ ಕನ್ನಡಕ ಹುಡುಕುವುದಾದರೂ ತಪ್ಪೀತು.